ಟ್ರಂಕಿನಲ್ಲಿರುವ ಬಳೆ ಯಾವ ಮಗುವಿನದು?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮ ಟ್ರಸ್ಟ್ ನಡೆಸುತ್ತಿದ್ದ ಅನಾಥಾಲಯ ಈಗ ಮುಚ್ಚಿದೆ. ದಾಖಲಾತಿ ರಿಜಿಸ್ಟರುಗಳು, ಫೋಟೋಗಳು, ಮಕ್ಕಳು ಬಂದಾಗ ಮೈಮೇಲಿದ್ದ ಬಟ್ಟೆ, ಬಳೆ ಎಲ್ಲ ತಗಡಿನ ಟ್ರಂಕುಗಳಲ್ಲಿವೆ. ಒಂದು ಕೋಣೆಯಲ್ಲಿ ಮ್ಯೂಸಿಯಂ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಮೊದಲು ಏನನ್ನೂ ಒರೆಸಬೇಡಿ, ಬೇರ್ಪಡಿಸಬೇಡಿ. ಟ್ರಂಕ್ ತೆರೆದ ಕೂಡಲೇ ಒಳಗೆ ಇದ್ದದ್ದನ್ನು ಇದ್ದ ಹಾಗೇ ಫೋಟೋ ತೆಗೆಯಿರಿ. ಯಾವ ಬಳೆ ಯಾವ ಚೀಟಿಯ ಜೊತೆಗಿತ್ತು, ಯಾವ ಬಟ್ಟೆ ಯಾವ ಪುಟಗಳ ನಡುವೆ ಇತ್ತು ಎಂಬುದು ಗೊತ್ತಿದ್ದರಷ್ಟೇ ಆ ವಸ್ತುವಿಗೆ ಬೆಲೆ.

ಇದನ್ನು ಇಷ್ಟು ಒತ್ತಿ ಹೇಳಲು ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್ ಕಾರಣ. ಹಡಗಿನ ಕಪ್ತಾನ ಥಾಮಸ್ ಕೋರಮ್ ವರ್ಷಗಟ್ಟಲೆ ಓಡಾಡಿ 1739ರಲ್ಲಿ ರಾಜನ ಸನ್ನದು ಪಡೆದು ಸ್ಥಾಪಿಸಿದ ಮಕ್ಕಳ ಆಶ್ರಯ ಅದು. 1741ರಿಂದ ಮಕ್ಕಳನ್ನು ಸೇರಿಸಿಕೊಂಡರು. ಮುಂದೆ ಬಿಡಿಸಿಕೊಳ್ಳಲು ಬಂದರೆ ಮಗುವಿನ ಗುರುತು ಹತ್ತಲೆಂದು ತಾಯಂದಿರು ಅಕ್ಷರ ಕೊರೆದ ನಾಣ್ಯವನ್ನೋ ಉಂಗುರವನ್ನೋ ಬಟ್ಟೆಯ ತುಂಡನ್ನೋ ಬಿಟ್ಟು ಹೋಗುತ್ತಿದ್ದರು. ಅದನ್ನು ಮಗುವಿನ ದಾಖಲಾತಿ ಹಾಳೆಯೊಳಗೆ ಮಡಚಿ ಮೊಹರು ಹಾಕುತ್ತಿದ್ದರು. 1860ರ ದಶಕದಲ್ಲಿ ಆಡಳಿತದವರು ಪ್ರದರ್ಶನಕ್ಕಿಡಲು ಹಾಳೆಗಳನ್ನು ಬಿಚ್ಚಿ ವಸ್ತುಗಳನ್ನು ತೆಗೆದರು. ಯಾವುದು ಯಾವ ಮಗುವಿನದು ಎಂಬ ಕೊಂಡಿ ಅಲ್ಲಿಗೆ ಕಳಚಿತು. ಒಂದು ಶತಮಾನ ಕಳೆದ ಮೇಲೆ ಸಂಶೋಧಕರು ಹಾಳೆ ಹಾಳೆ ತಡಕಿ ಕೆಲವನ್ನು ಜೋಡಿಸಿದರು, ಎಲ್ಲವನ್ನೂ ಅಲ್ಲ. ಹಾಳೆಗೆ ಪಿನ್ ಚುಚ್ಚಿದ್ದ ಸುಮಾರು 5,000 ಬಟ್ಟೆ ತುಂಡುಗಳು ಮಾತ್ರ ಹಾಗೇ ಉಳಿದವು. 18ನೇ ಶತಮಾನದ ಸಾಮಾನ್ಯ ಹೆಂಗಸರು ಏನು ಉಡುತ್ತಿದ್ದರು ಎಂಬುದು ಇಂದು ತಿಳಿಯುವುದು ಆ ತುಂಡುಗಳಿಂದ.

ನಂಬರ್ ಹಾಕುವ ಕ್ರಮ ಸರಳವಾಗಿರಲಿ. ಎರಡನೇ ಟ್ರಂಕು, ಐದನೇ ರಿಜಿಸ್ಟರ್, 41ನೇ ಪುಟ ಎಂದಾದರೆ 2/5/41. ಕಾಗದದ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಬಟ್ಟೆಗೆ ನಂಬರ್ ಬರೆದ ಹತ್ತಿಯ ಪಟ್ಟಿಯನ್ನು ಎರಡೇ ಹೊಲಿಗೆಯಲ್ಲಿ ಕೂರಿಸಿ, ಬಳೆಗೆ ನೂಲಿನಲ್ಲಿ ಚೀಟಿ ಕಟ್ಟಿ. ತುಕ್ಕು ಹಿಡಿದ ಪಿನ್ ತೆಗೆಯಲೇಬೇಕು, ಇಲ್ಲದಿದ್ದರೆ ಕಾಗದ ತೂತು ಬೀಳುತ್ತದೆ. ಆದರೆ ಫೋಟೋ, ನಂಬರ್ ಎರಡೂ ಆದ ಮೇಲೆಯೇ. ಸೆಲ್ಲೋಟೇಪ್, ಲ್ಯಾಮಿನೇಷನ್ ಬೇಡವೇ ಬೇಡ. ಟೇಪಿನ ಅಂಟು ಹಳದಿಯಾಗಿ ಕಾಗದದೊಳಗೆ ಇಳಿದರೆ ಮತ್ತೆ ತೆಗೆಯಲಾಗದು.

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲ. ತೇವಾಂಶ ಶೇ. 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ತಗಡಿನ ಟ್ರಂಕಿನೊಳಗೆ ನೀರು ಬೆವರುವುದರಿಂದ ಅದು ಇನ್ನೂ ಅಪಾಯ. ಕೋಣೆಯಲ್ಲೊಂದು ತೇವಾಂಶ ಮಾಪಕ ಇಡಿ. ರ‍್ಯಾಕನ್ನು ಗೋಡೆಗೆ ತಾಗಿಸದೆ ನೆಲದಿಂದ ಅರ್ಧ ಅಡಿ ಎತ್ತರಿಸಿದರೆ ಗೆದ್ದಲೂ ಬೇಗ ಕಣ್ಣಿಗೆ ಬೀಳುತ್ತದೆ. ಒದ್ದೆಯಾದ ರಿಜಿಸ್ಟರನ್ನು ಬಿಸಿಲಿಗಿಡಬೇಡಿ, ಶಾಯಿ ಮಾಸುತ್ತದೆ. ಪುಟಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು ಫ್ಯಾನಿನ ಗಾಳಿಗೆ ಆರಿಸಿ.

ಗೋಡೆಗೆ ಹಾಕುವುದು ನಕಲುಗಳನ್ನು ಮಾತ್ರ. ಹೆಸರು, ಊರು, ಜಾತಿ, ತಾಯಿಯ ವಿವರ ಮುಚ್ಚಿರಲಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಅಥವಾ ಫೋಟೋ ಪ್ರಕಟಿಸುವಂತಿಲ್ಲ. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಆ ಮಕ್ಕಳು ಇಂದು ಅಜ್ಜ, ಅಜ್ಜಿ ಆಗಿದ್ದರೂ ಅವರ ಹುಟ್ಟಿನ ಕಥೆ ನೋಡುಗರ ಸೊತ್ತಲ್ಲ ಎಂದೇ ನಮ್ಮ ಅಭಿಪ್ರಾಯ.

ಅಲ್ಲೇ ಬೆಳೆದವರು ತಮ್ಮ ಪುಟ ನೋಡಬೇಕೆಂದು ಬಂದರೆ ಬೇರೆ ಕೋಣೆಯಲ್ಲಿ ಕೂರಿಸಿ, ಸಮಾಧಾನವಾಗಿ ತೋರಿಸಿ. ದತ್ತು ಹೋದವರಾದರೆ 2022ರ ದತ್ತು ನಿಯಮಾವಳಿಯಂತೆ ಅರ್ಜಿಯ ಮೂಲಕ ನಡೆಯಬೇಕು. ಅವರ ಪರವಾಗಿ ಮೂರನೆಯವರು ಬಂದು ಕೇಳಿದರೆ ಕೊಡಬೇಡಿ.