ಹಸಿರಾದ ಮಾತ್ರಕ್ಕೆ ಕಾಡು ಚೇತರಿಸಿಕೊಂಡಂತೆಯೇ?

ಪ್ರಶ್ನೆ: 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಮಳೆ ಬಿದ್ದೊಡನೆ ಕಾಡು ಮತ್ತೆ ಹಸಿರಾಯಿತು. ಅಂದರೆ ಅದು ಮೊದಲಿನಂತಾಯಿತೇ?

ಉತ್ತರ: ಇಲ್ಲ. ಆಗ ಕಂಡ ಹಸಿರು ಬಹುಪಾಲು ಹುಲ್ಲಿನದು. ಹುಲ್ಲಿನ ಬುಡ ಮಣ್ಣಿನೊಳಗಿರುತ್ತದೆ. ಮೇಲೆ ಬೆಂಕಿ ಹರಿದುಹೋದರೂ ಕೆಳಗಿನ ಮಣ್ಣು ಅಷ್ಟಾಗಿ ಕಾಯುವುದಿಲ್ಲ. ಭರಣಿ ಮಳೆ ಬಿದ್ದರೆ ಸಾಕು, ಚಿಗುರುತ್ತದೆ, ಜಿಂಕೆಗಳೂ ಬರುತ್ತವೆ. ದೊಡ್ಡ ಮರಗಳೂ ಹೆಚ್ಚಿನವು ಉಳಿಯುತ್ತವೆ. ಇದು ಎಲೆ ಉದುರುವ ಒಣ ಕಾಡು. ಮತ್ತಿಯಂಥ ಮರದ ದಪ್ಪ, ಬಿರುಕುಬಿಟ್ಟ ತೊಗಟೆ ಒಳಗಿನ ಜೀವವನ್ನು ಕಾಯುತ್ತದೆ.

ಪೆಟ್ಟು ಬೀಳುವುದು ಎಳೆಯ ಗಿಡಗಳಿಗೆ. ಪಕ್ಕದ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪದ ಪ್ರತಿ ಕಾಂಡದ ಲೆಕ್ಕ ಇಡುತ್ತ ಬಂದಿದ್ದಾರೆ. ಬೆಂಕಿಗೆ ಅಲ್ಲಿ ಬಲಿಯಾಗುವುದು ಹೆಚ್ಚಾಗಿ ಸಣ್ಣ ಕಾಂಡಗಳೇ.

ಹಾಗೆಂದು ಬೇರು ಸತ್ತಿರುವುದಿಲ್ಲ. ಬೆರಳು ದಪ್ಪದ ಕರಕಲು ಕಡ್ಡಿಯ ಬುಡದಲ್ಲಿ ಗಂಟುಗಂಟಾದ ಬೇರು, ಅದರ ಸುತ್ತ ನಾಲ್ಕಾರು ಎಳೆ ಕೆಂಪು ಚಿಗುರು ಕಾಣುತ್ತವೆ, ಥೇಟ್ ಕೂಳೆ ಕಬ್ಬಿನಂತೆ. ಬೇರಿಗೆ ಎಷ್ಟೋ ವರ್ಷವಾಗಿರಬಹುದು, ಚಿಗುರು ಮಾತ್ರ ಈ ವರ್ಷದ್ದು. ಅದು ಜ್ವಾಲೆಯ ಎತ್ತರ ದಾಟಿ ತೊಗಟೆ ಕಟ್ಟಿಕೊಳ್ಳಲು ಬೆಂಕಿಯಿಲ್ಲದ ಹಲವು ವರ್ಷಗಳು ಬೇಕು. ನಡುವೆ ಇನ್ನೊಂದು ಬೆಂಕಿ ಬಿತ್ತೋ, ಮತ್ತೆ ನೆಲದಿಂದಲೇ ಶುರು. ಹೀಗೇ ಆಗುತ್ತಿದ್ದರೆ ಮುದಿ ಮರಗಳು ಉರುಳಿದಾಗ ಅವುಗಳ ಜಾಗ ತುಂಬಲು ಎಳೆಮರಗಳೇ ಇರುವುದಿಲ್ಲ. ಎಷ್ಟು ಎಕರೆ ಸುಟ್ಟಿತು ಎಂಬುದಕ್ಕಿಂತ ಅದೇ ಜಾಗ ಎಷ್ಟು ವರ್ಷಕ್ಕೊಮ್ಮೆ ಸುಡುತ್ತಿದೆ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಹೊರಗಿನಿಂದ ಬಂದು ಕಾಡಿನಲ್ಲಿ ಹಬ್ಬಿರುವ ಪೊದೆಗಿಡ ಲಂಟಾನದ್ದು ಇನ್ನೊಂದು ಕಾಟ. ಒಣಗಿದ ಪೊದೆ ಜ್ವಾಲೆಯನ್ನು ಮೇಲಕ್ಕೆ ಒಯ್ಯುತ್ತದೆ. ಸುಟ್ಟ ಮೇಲೆ ತಾನೂ ಬುಡದಿಂದ ಚಿಗುರಿ, ದಟ್ಟವಾಗಿ ಹಬ್ಬಿ, ಹುಲ್ಲು, ಸಸಿಗಳಿಗೆ ಬಿಸಿಲು ಸಿಗದಂತೆ ಮಾಡುತ್ತದೆ. ಸುಟ್ಟ ಕಡೆಯೆಲ್ಲ ಗುಂಡಿ ತೋಡಿ ಸಸಿ ನೆಡೋಣ ಎನ್ನುವವರ ಕಾಳಜಿ ದೊಡ್ಡದು. ಆದರೆ ಇಲ್ಲಿ ಬೇರುಗಳು ಆಗಲೇ ನೆಲದಲ್ಲಿವೆ. ಲಂಟಾನವನ್ನು ಬುಡಸಮೇತ ಕಿತ್ತು, ಬೇಸಿಗೆಗೆ ಮೊದಲೇ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ಪೊದೆ ತೆಗೆದ ಪಟ್ಟಿ) ಸವರಿ, ಆ ಬೇರುಗಳಿಗೆ ಬಿಡುವು ಕೊಟ್ಟರೆ ಅದೇ ಹೆಚ್ಚಿನ ಉಪಕಾರ.

ಕುದುರೆಮುಖದ ಶೋಲಾ ಕಾಡುಗಳಿಗೆ, ಅಂದರೆ ಬೆಟ್ಟದ ಹುಲ್ಲುಗಾವಲುಗಳ ನಡುವಿನ ಕಣಿವೆಗಳಲ್ಲಿರುವ ನಿತ್ಯಹಸಿರು ಕಾಡುಗಳಿಗೆ, ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿನ ಮರಗಳಿಗೆ ಬೆಂಕಿ ತಾಳಿಕೊಳ್ಳುವ ಶಕ್ತಿ ಕಡಿಮೆ. ಅಂಚು ಸುಟ್ಟರೆ ಹುಲ್ಲು ಒಳನುಗ್ಗುತ್ತದೆ. ಹಕ್ಕಿಗಳು ತಂದು ಹಾಕಿದ ಬೀಜಕ್ಕೆ ನೆರಳೂ ತೇವವೂ ಸಿಕ್ಕಿದರೆ ಮಾತ್ರ ಮರ ಮರಳುತ್ತದೆ. ಅಲ್ಲಿ ದಶಕಗಳಲ್ಲೇ ಲೆಕ್ಕ ಹಾಕಬೇಕು.