ಕೂಡಿ ಓದುವುದು ಅಂದ್ರೆ ಏನು?

ಶ್ರಾವಣ ಬಂತೆಂದರೆ ಕಲಬುರಗಿ ಕಡೆಯ ಊರುಗಳಲ್ಲಿ ಪುರಾಣ ಹಚ್ಚುತ್ತಾರೆ. ಗುಡಿಯಲ್ಲಿ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಸುತ್ತ ಕುಳಿತವರಲ್ಲಿ ಎಷ್ಟೋ ಜನಕ್ಕೆ ಓದು ಬರುವುದಿಲ್ಲ. ಆದರೂ ನಿನ್ನೆ ಕಥೆ ಎಲ್ಲಿಗೆ ನಿಂತಿತ್ತು ಅಂತ ಕೇಳಿ ನೋಡಿ, ತಟ್ಟನೆ ಹೇಳುತ್ತಾರೆ. ಇಂಗ್ಲಿಷಿನವರು ಶೇರ್ಡ್ ರೀಡಿಂಗ್ ಅನ್ನುವುದು ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಕೇಳುವವರು ಎರಡು, ಮೂರು, ಐದು ವರ್ಷದ ಮಕ್ಕಳು, ಅಷ್ಟೇ. ನಾನು ಅದಕ್ಕೆ ‘ಕೂಡಿ ಓದುವುದು’ ಅನ್ನುತ್ತೇನೆ.

ಗಟ್ಟಿಯಾಗಿ ಓದಿ ಹೇಳುವಾಗ ಮಗು ಕೇಳುತ್ತದೆ. ಕೂಡಿ ಓದುವಾಗ ಮಗುವಿಗೂ ಪುಟ ಕಾಣಬೇಕು. ಅದು ಚಿತ್ರ ಮುಟ್ಟಬೇಕು, ನಡುವೆ ಬಾಯಿ ಹಾಕಬೇಕು, ಬೇಕಾದರೆ ಹಿಂದಿನ ಪುಟಕ್ಕೆ ಹೋಗಬೇಕು. ನ್ಯೂಜಿಲೆಂಡಿನಲ್ಲಿ ಕೆಲಸ ಮಾಡಿದ ಡಾನ್ ಹೋಲ್ಡವೇ ಎಂಬ ಶಿಕ್ಷಣ ತಜ್ಞರು 1979ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದರು. ತಾಯಿಯ ತೊಡೆಯ ಮೇಲೆ ಕೂತ ಮಗುವಿಗೆ ಪುಟ ಕಾಣುವ ಹಾಗೆಯೇ ಇಡೀ ತರಗತಿಗೂ ಕಾಣಲಿ ಎಂದು ಅಲ್ಲಿನ ಶಿಕ್ಷಕರು ದೊಡ್ಡ ಅಕ್ಷರದ, ದೊಡ್ಡ ಅಳತೆಯ ಪುಸ್ತಕಗಳನ್ನು ಬಳಸಿದರು.

ನಮ್ಮ ಮನೆಯಲ್ಲಿ ಇದು ಹೇಗೆ ನಡೆಯಿತು ಹೇಳುತ್ತೇನೆ. ಅಕ್ಕನ ಮಗಳಿಗೆ ಮೂರು ವರ್ಷ. ಕೋಳಿಯ ಕಥೆಯ ಪುಸ್ತಕ ಹಿಡಿದು ಆಯಿಯ, ಅಂದರೆ ಅಜ್ಜಿಯ, ಪಕ್ಕ ಕೂತಳು. ಆಯಿ ಸಾಲಿ ಮೆಟ್ಟಿಲು ಹತ್ತಿದವಳಲ್ಲ. ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು: “ಈ ಕೋಳಿ ಎಲ್ಲಿಗಿ ಹೊಂಟದ ಹೇಳವ್ವಾ?” ಕೇಳಿ ಸುಮ್ನೆ ಕೂತಳು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಸಂತಿಗಿ” ಅಂದಳು. “ಸಂತ್ಯಾಗ ಏನ್ ತರತದ?” “ಜ್ವಾಳ.” ಪುಸ್ತಕದಲ್ಲಿ ಸಂತೆಯೂ ಇಲ್ಲ, ಜೋಳವೂ ಇಲ್ಲ! ಆಮೇಲೆ ನಾನು ಸಾಲಿನ ಕೆಳಗೆ ಬೆರಳು ಆಡಿಸುತ್ತಾ ‘ಕೋಳಿ ಮೊಟ್ಟೆ ಇಟ್ಟಿತು’ ಅಂತ ಓದಿದೆ. ಹುಡುಗಿ ಮಿಕಿಮಿಕಿ ನೋಡಿದಳು. “ಮೊಟ್ಟಿ ಅಂದ್ರ ತತ್ತಿನೇ ಅವ್ವಾ” ಅಂದಳು ಆಯಿ. ಮೂರನೇ ದಿನ ಅಡುಗೆಮನೆಯಲ್ಲಿ ಹುಡುಗಿಯೇ ನಮಗೆ ಹೇಳಿಕೊಡುತ್ತಿದ್ದಳು, “ತತ್ತಿ ಅಂದ್ರ ಮೊಟ್ಟಿ” ಅಂತ.

ಆಯಿ ಕೇಳಿ ಸುಮ್ನೆ ಕೂತಳಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡ ವಿಷಯ. ನಾವಾಗಿದ್ದರೆ ಉತ್ತರವನ್ನೂ ನಾವೇ ಹೇಳಿ ಪುಟ ತಿರುಗಿಸಿಬಿಡುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಒಂದು ತಿಂಗಳ ಪ್ರಯೋಗದ ಫಲ ಪ್ರಕಟಿಸಿದರು. ಹೌದು-ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸುತ್ತಾ ಓದಿದ ಮನೆಗಳ ಮಕ್ಕಳು ಮಾತಿನಲ್ಲಿ ಮುಂದೆ ಹೋಗಿದ್ದರು.

ಇನ್ನು ಆ ತತ್ತಿಯ ವಿಷಯ. ನಮ್ಮ ಕಡೆಯ ಮಕ್ಕಳಿಗೆ ಪುಸ್ತಕದ ಕನ್ನಡವೇ ಅರ್ಧ ಹೊಸದು. ಬೀದರ್‌ನಲ್ಲಿ ಎಷ್ಟೋ ಮನೆಗಳ ಮಾತು ಮರಾಠಿ, ಉರ್ದು. ಯಾದಗಿರಿಯ ಗಡಿ ಊರುಗಳಲ್ಲಿ ತೆಲುಗು. ತಾಂಡಾಗಳಲ್ಲಿ ಲಂಬಾಣಿ. ಅಲ್ಲಿ ಮೊಟ್ಟೆ ಅಂಡಾ ಆಗಿರುತ್ತದೆ, ಗುಡ್ಡು ಆಗಿರುತ್ತದೆ. ಮನೆಯ ಮಾತಿನಲ್ಲೇ ಚಿತ್ರದ ಕಥೆ ಹೇಳಿ, ಅದರ ಜೊತೆಗೇ ಪುಸ್ತಕದ ಪದವನ್ನೂ ಹೇಳಿ. ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ದಯವಿಟ್ಟು ಮನೆಯ ಪದವನ್ನು ತಪ್ಪು ಅನ್ನಬೇಡಿ.

ಸಾಲಿನ ಕೆಳಗೆ ಬೆರಳು ಆಡಿಸುವುದಕ್ಕೂ ಕಾರಣ ಇದೆ. ಕಲಬುರಗಿಯ ದರ್ಗಾ ಕಡೆ ಹೋದರೆ ಒಂದೇ ಬೋರ್ಡಿನಲ್ಲಿ ಕನ್ನಡ, ಉರ್ದು ಎರಡೂ ಇರುತ್ತವೆ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ದೊಡ್ಡವರಿಗೆ ಇದು ಗೊತ್ತಿರುವ ಮಾತು. ಆದರೆ ಓದು ಎಲ್ಲಿಂದ ಶುರುವಾಗುತ್ತದೆ, ಕಥೆ ಹೇಳುವುದು ಚಿತ್ರವಾ ಅಕ್ಷರವಾ ಅನ್ನುವುದು ಮಗುವಿಗೆ ಹುಟ್ಟುತ್ತಲೇ ತಿಳಿದಿರುವುದಿಲ್ಲ. ಬೆರಳು ನೋಡುತ್ತಾ ನೋಡುತ್ತಾ ತಿಳಿಯುತ್ತದೆ. ಅಆಇಈ ತಿದ್ದುವ ಮೊದಲೇ ಕಲಿಯುವ ಪಾಠ ಇದು.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ಇದ್ದಾಗ ಯಾದಗಿರಿಯದು ಶೇ. 52ರ ಆಸುಪಾಸಿನಲ್ಲಿ, ರಾಜ್ಯದಲ್ಲೇ ಕಡಿಮೆ ಇತ್ತು. ಹಾಗಾಗಿ ‘ನಮಗೇ ಓದು ಬರಲ್ಲ, ಮಕ್ಕಳಿಗೆ ಏನು ಓದಿಸೋದು’ ಅಂತ ಹಿಂಜರಿಯುವ ಅವ್ವಂದಿರು ಜಾಸ್ತಿ. ಅವರಿಗೆ ನಮ್ಮ ಆಯಿಯನ್ನು ತೋರಿಸಬೇಕು ಅನ್ನಿಸುತ್ತದೆ. ಚಿತ್ರ ನೋಡಿ ಕೇಳುವುದಕ್ಕೆ ಅಕ್ಷರ ಬೇಕಾಗಿಲ್ಲ. ಅಕ್ಷರದ ಸಾಲನ್ನು ಮನೆಯಲ್ಲಿ ಶಾಲೆಗೆ ಹೋಗುವ ಅಣ್ಣನೋ ಅಕ್ಕನೋ ಓದಲಿ.

ಪುಸ್ತಕಕ್ಕೆ ದುಡ್ಡು ಹಾಕಲೇಬೇಕು ಅಂತೇನಿಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ನಿಮ್ಮೂರಿನಲ್ಲಿ ಕೇಳಿ ನೋಡಿ. ಫೋನಿದ್ದರೆ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ.

ಒಂದು ಮಾತ್ರ, ಹರಿಯುತ್ತದೆ ಅಂತ ಪುಸ್ತಕವನ್ನು ಅಲ್ಮಾರಿಯಲ್ಲಿ ಎತ್ತಿಡಬೇಡಿ. ನಮ್ಮ ಕೋಳಿ ಪುಸ್ತಕ ನಡುವೆ ಕಿತ್ತು ಎರಡಾಗಿತ್ತು. ಆಯಿ ಕೌದಿ ಹೊಲಿಯುವ ಸೂಜಿ ತಂದು, ಕೆಂಪು ದಾರದಲ್ಲಿ ಐದು ಹೊಲಿಗೆ ಹಾಕಿಕೊಟ್ಟಿದ್ದಾಳೆ.