ಒಂದೇ ಸಾಲಿನಲ್ಲಿ ಹುಟ್ಟಿದ ವೀರ

ಮಳೆಗಾಲ ಬಂತೆಂದರೆ ಊರ ಕಡೆಯ ತಾಳಮದ್ದಳೆ ಕಲಾವಿದರು ಮುಂಬಯಿಗೆ ಬರುತ್ತಾರೆ. ಈ ಸಲ ಮಾಟುಂಗದ ಸಭಾಂಗಣವೊಂದರಲ್ಲಿ ಮತ್ತೆ ‘ಕರ್ಣಭೇದನ’ ಕೇಳಿದೆ. ಭಾಗವತರು ಹಾಡಿದ್ದು ಅದೇ ಪದ್ಯ. ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಧಾರಿ ಮಾತ್ರ ಬೇರೆ. ಹಿಂದೆ ಕೇಳಿದ ಕರ್ಣ ಸಿಟ್ಟಿನವನು, ಈತ ತಾಯಿಗಾಗಿ ಹಂಬಲಿಸುವವನು. ಲೋಕಲ್ ಟ್ರೈನಿನಲ್ಲಿ ಮನೆಗೆ ಬರುವಾಗ ನೆನಪಾದವನು, ಹೀಗೆಯೇ ಹೇಳುವವರ ಬಾಯಲ್ಲಿ ಬದಲಾಗುತ್ತ ಬಂದ ಫ್ರಾನ್ಸಿನ ಕಾವ್ಯವೀರ ರೋಲಾಂಡ್.

778ರ ಆಗಸ್ಟ್ 15. ಶಾರ್ಲಮೇನ್ ದೊರೆಯ ಸೈನ್ಯ ಸ್ಪೇನಿನಿಂದ ಮರಳುತ್ತಿತ್ತು. ದಾರಿಯಲ್ಲಿ ಪಾಂಪ್ಲೋನದ ಕೋಟೆಗೋಡೆ ಕೆಡವಿ ಬಂದಿತ್ತು. ಪಿರನೀಸ್ ಬೆಟ್ಟದ ಕಣಿವೆಯಲ್ಲಿ ಅಲ್ಲಿನ ಸ್ಥಳೀಯರಾದ ಬಾಸ್ಕ್ ಜನ ಸೈನ್ಯದ ಹಿಂಭಾಗದ ಮೇಲೆ ಬಿದ್ದರು. ಸಾಮಾನು ದೋಚಿ ಕತ್ತಲಲ್ಲಿ ಮಾಯವಾದರು. ದೊರೆಯ ಚರಿತ್ರೆ ಬರೆದ ಐನ್‌ಹಾರ್ಡ್, ಸತ್ತವರಲ್ಲಿ ಮೂವರ ಹೆಸರು ಹೇಳುತ್ತಾನೆ. ಕೊನೆಯವನು ರೋಲಾಂಡ್, ಬ್ರಿಟನಿ ಗಡಿಯ ಅಧಿಕಾರಿ. ಅವನ ಬಗ್ಗೆ ಅಷ್ಟೇ.

ಸುಮಾರು 1100ರ ಹೊತ್ತಿಗೆ ಆ ಒಂದು ಸಾಲು 4,000 ಸಾಲಿನ ಕಾವ್ಯ! ರೋಲಾಂಡ್ ಈಗ ದೊರೆಯ ಸೋದರಳಿಯ. ಮಾವನ ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಸಂತಾನ ಕಂಡ ನಮ್ಮ ಕರಾವಳಿಯವರಿಗೆ ಈ ಸಂಬಂಧದ ತೂಕ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮಲತಂದೆಯೇ ಅವನಿಗೆ ದ್ರೋಹ ಬಗೆಯುತ್ತಾನೆ. ಕೊಂಬು ಊದಿ ದೊರೆಯನ್ನು ಕರೆ ಎಂದು ಗೆಳೆಯ ಒಲಿವಿಯೆ ಅಂಗಲಾಚಿದರೂ ರೋಲಾಂಡ್ ಒಪ್ಪುವುದಿಲ್ಲ. ಕೊನೆಗೆ ಊದುತ್ತಾನೆ. ಊದಿದ ರಭಸಕ್ಕೆ ಅವನ ಕಪಾಲವೇ ಒಡೆಯುತ್ತದೆ. ನನಗೆ ಇಡೀ ಕಾವ್ಯದ ಜೀವ ಇರುವುದು ಈ ತಡವಾದ ಕೊಂಬಿನಲ್ಲೇ.

ಬಾಸ್ಕರು ಮಾತ್ರ ಕಾಣೆ. ಅವರ ಜಾಗದಲ್ಲಿ ಮುಸ್ಲಿಂ ದೊರೆಯ ದೊಡ್ಡ ಸೈನ್ಯ. ಯಾಕೆ? ಅದು ಜೆರುಸಲೇಮಿಗಾಗಿ ಕ್ರೈಸ್ತರು ಮುಸ್ಲಿಮರ ಮೇಲೆ ಹೂಡಿದ ಧರ್ಮಯುದ್ಧದ, ಅಂದರೆ ಮೊದಲ ಕ್ರುಸೇಡಿನ ಕಾಲ. ಕೇಳುವವರ ಮನಸ್ಸಿನಲ್ಲಿದ್ದ ಶತ್ರುವೇ ಕತೆಯೊಳಗೂ ಬಂದ.

ನೆನಪು ಹೀಗೆ ಕೆಲಸ ಮಾಡುವುದನ್ನು ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ವಿವರಿಸಿದರು. ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ನೆನಪಿನಿಂದ ಮತ್ತೆ ಬರೆಸಿದ್ದರು. ಅರ್ಥವಾಗದ ಭಾಗಗಳು ಉದುರಿದವು. ಅಪರೂಪದ ‘ಕನೂ’ ಸುಮ್ನೆ ‘ದೋಣಿ’ ಆಯಿತು. ನಾವು ಕತೆಯನ್ನು ಎತ್ತಿಡುವುದಿಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುತ್ತೇವೆ.

1516ರಲ್ಲಿ ಇಟಲಿಯ ಕವಿ ಅರಿಯೊಸ್ತೊ ಕಟ್ಟಿದ್ದಂತೂ ಇನ್ನೂ ಜಾಸ್ತಿ ಬೇರೆ. ಅಲ್ಲಿ ಓರ್ಲಾಂಡೊ ಆದ ರೋಲಾಂಡ್ ಪ್ರೇಮದಲ್ಲಿ ಹುಚ್ಚನಾಗುತ್ತಾನೆ. ಕಳೆದುಹೋದ ಅವನ ಬುದ್ಧಿಯನ್ನು ಗೆಳೆಯನೊಬ್ಬ ಚಂದ್ರನಿಂದ ತರುತ್ತಾನೆ. ಮುಂದೆ ಸಿಸಿಲಿಯಲ್ಲಿ ಅವನು ಲೋಹದ ಕವಚ ತೊಟ್ಟ ಬೊಂಬೆಯಾದ. ಅಲ್ಲಿ ಈಗಲೂ ಬೊಂಬೆ ಆಡಿಸುವವರು ಹಲಗೆಯ ಮೇಲೆ ಕಾಲು ಬಡಿದು ಅವನ ಯುದ್ಧದ ಸದ್ದು ಎಬ್ಬಿಸುತ್ತಾರೆ.